ಮೂರು ಮಾತ್ರೆಯ ಮರಿ

ಗುಬ್ಬಿಯ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುವ ಪ್ರಮೀಳಾ ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿದಳೆಂದರೆ ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಹಗುರವಾಗಿ ನುಡಿಯುವ ಅಕ್ಷರಕ್ಕೆ ಒಂದು ಮಾತ್ರೆ, ಅದರ ತಲೆಯ ಮೇಲೊಂದು ಬಟ್ಟಲಿನಂಥ ಗುರುತು. ಎಳೆದೋ ಒತ್ತಿಯೋ ನುಡಿಯುವ ಅಕ್ಷರಕ್ಕೆ ಎರಡು ಮಾತ್ರೆ, ತಲೆಯ ಮೇಲೆ ಅಡ್ಡಗೆರೆ. ಆಮೇಲೆ ಮೂರಕ್ಕೋ ನಾಲ್ಕಕ್ಕೋ ಐದಕ್ಕೋ ಒಂದೊಂದು ಉದ್ದಗೆರೆ ಎಳೆದು ಗಣ ಬಿಡಿಸುವುದು. ಬೇರೆಯವರು ಪರೀಕ್ಷೆಗೆಂದು ಕಲಿತು ಮರುದಿನವೇ ಮರೆಯುವ ಈ ಲೆಕ್ಕ ಅವಳ ಮೈಗೆ ಹತ್ತಿಬಿಟ್ಟಿತ್ತು. ತುಮಕೂರಿನ ಮನೆಯಿಂದ ಗುಬ್ಬಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದರೂ ಅವಳ ಬೆರಳು ತನ್ನಷ್ಟಕ್ಕೆ ಮಡಚಿಕೊಳ್ಳುತ್ತಿತ್ತು. ಹುಡುಗರು ಬೆನ್ನ ಹಿಂದೆ ಲಘುಗುರು ಮೇಡಂ ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಬಿದ್ದು ಒಳಗೊಳಗೇ ಖುಷಿಯೂ ಆಗಿತ್ತು. ತಪ್ಪೇನು? ಊರಿಗೊಬ್ಬರಾದರೂ ಲೆಕ್ಕ ತಪ್ಪದವರು ಇರಬೇಕಲ್ಲ.

ಹೀಗಿರುವಾಗ ಕುಣಿಗಲ್‌ನಿಂದ ಷಡಕ್ಷರಿಯವರ ಫೋನು ಬಂತು. ಷಡಕ್ಷರಿಯವರದು ಅಲ್ಲಿ ಹಾರ್ಡ್‌ವೇರ್ ಅಂಗಡಿ. ಅಂಗಡಿ ಬಾಗಿಲು ತೆಗೆಯುವ ಮೊದಲು ಹಣೆ ತುಂಬ ವಿಭೂತಿ ಬಳಿದುಕೊಂಡು ಕೆರೆ ಏರಿಯ ಮೇಲೆ ಬಿರಬಿರನೆ ನಡೆಯುವುದು ಅವರ ನೇಮ. ಹಾಗೆ ನಡೆಯುವವರದೊಂದು ಬಳಗ ಕಟ್ಟಿ ಅದಕ್ಕೆ ತಾವೇ ಅಧ್ಯಕ್ಷರೂ ಆಗಿದ್ದರು. ಬಳಗಕ್ಕೆ ಒಂದು ಆಸೆ ಹುಟ್ಟಿತ್ತು. ಏರಿಯ ಮೇಲೊಂದು ಕಲ್ಲು ನಿಲ್ಲಿಸಬೇಕು, ಅದರಲ್ಲಿ ಕೆರೆಯ ಮೇಲೊಂದು ಪದ್ಯ ಕೆತ್ತಿಸಬೇಕು, ಬರೆದವರು ತಾಲ್ಲೂಕಿನವರೇ ಆಗಿರಬೇಕು, ರಾಜ್ಯೋತ್ಸವದ ದಿನ ಪರದೆ ಸರಿಸಬೇಕು. ಪದ್ಯ ಬೇಕು ಅಂದದ್ದೇ ತಡ, ಹುಲಿಯೂರುದುರ್ಗದ ಕಡೆಯಿಂದೆಲ್ಲ ಬಂದು ಇಪ್ಪತ್ತಮೂರು ಸೇರಿದವು. ಊರಿನ ಲೈಬ್ರರಿಯನ್ನು ನೋಡಿಕೊಳ್ಳುವ ಸುಮನಾ ಹೆಸರುಗಳನ್ನೆಲ್ಲ ತೆಗೆದು ಬರೀ ನಂಬರು ಹಾಕಿ ಕವರಿಗೆ ತುಂಬಿದ್ದಳು. ಒಂದನ್ನು ಆರಿಸಿಕೊಡಿ, ಛಂದಸ್ಸು ಗಿಂದಸ್ಸು ಸರಿಯಿದೆಯೋ ನೋಡಿ ಬರೆದುಕೊಡಿ, ಕಲ್ಲಿಗೆ ಹೋಗುವ ವಿಷಯ, ನಾಳೆ ಯಾರೂ ಬೆರಳು ತೋರಿಸಬಾರದು, ಅಂತ ಷಡಕ್ಷರಿಯವರು ಕೇಳಿಕೊಂಡರು. ಕೋರ ಊರಿನ ಕಲ್ಲುಕುಟಿಗ ಹನುಮಂತರಾಜು ಆಗಲೇ ಕಲ್ಲಿಗೆ ಪಾಲಿಶ್ ಕೊಟ್ಟು ಕಾಯುತ್ತಿದ್ದನಂತೆ.

ಪ್ರಮೀಳಾ ಒಪ್ಪಿಕೊಂಡಳು. ನಾನೂ ನಿಮ್ಮ ಕಡೆಯವಳೇ ಸಾರ್, ಅಂತಲೂ ಅಂದಳು. ಅಷ್ಟೇ ಅಂದಳು. ಅವಳಪ್ಪ ಕಾಳಯ್ಯ ಕುಣಿಗಲ್‌ನ ಕುದುರೆ ಫಾರಂನಲ್ಲಿ ಮೂವತ್ತನಾಲ್ಕು ವರ್ಷ ಸೈಸ್ ಆಗಿದ್ದವನು, ಅಂದರೆ ತಾಯಿಕುದುರೆಗಳನ್ನೂ ಮರಿಗಳನ್ನೂ ಬೆಳಿಗ್ಗೆ ಲಾಯದಿಂದ ಹುಲ್ಲುಗಾವಲಿಗೆ, ಆಮೇಲೆ ಹುಲ್ಲುಗಾವಲಿನಿಂದ ಲಾಯಕ್ಕೆ ನಡೆಸುವ ಕೆಲಸದವನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ, ಅಪ್ಪ ಫಾರಂನಲ್ಲಿದ್ದರು ಅಂತ ಹೇಳಿ ಅಲ್ಲಿಗೆ ನಿಲ್ಲಿಸುತ್ತಿದ್ದಳು. ಕೇಳಿದವರು ಆಫೀಸರೇ ಇರಬೇಕು ಅಂದುಕೊಂಡರೆ ಅದು ಅವರ ಹಣೆಬರಹ. ಸುಳ್ಳು ಹೇಳಿದವಳಲ್ಲ, ಆದರೆ ಪೂರ್ತಿ ಹೇಳಿದವಳೂ ಅಲ್ಲ. ಷಡಕ್ಷರಿಯವರು ಯಾರ ಮಗಳು ಅಂತ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಭಾನುವಾರ ತಿಂಡಿ ಮುಗಿಸಿ ಊಟದ ಟೇಬಲ್ ಒರೆಸಿ ಕವರು ಬಿಚ್ಚಿದಳು. ಹತ್ತು ಹನ್ನೆರಡು ಓದುವಷ್ಟರಲ್ಲಿ ತಲೆ ಚಿಟ್ಟು ಹಿಡಿಯಿತು. ಕೆರೆಯನ್ನು ಒಬ್ಬರು ತಾಯಿ ಮಾಡಿದ್ದರು, ಒಬ್ಬರು ದೇವಿ ಮಾಡಿದ್ದರು, ಇನ್ನೊಬ್ಬರು ಕನ್ನಡಿ ಮಾಡಿ ಅದರಲ್ಲಿ ತಮ್ಮ ಮುಖವನ್ನೇ ನೋಡಿಕೊಂಡಿದ್ದರು. ನೀರನ್ನು ನೋಡಿದವರು ಯಾರೂ ಇರಲಿಲ್ಲ. ಹದಿನೇಳನೇ ನಂಬರು ಕೈಗೆ ಬಂದಾಗ ಅವಳು ನೆಟ್ಟಗೆ ಕೂತಳು.

ಮಂಜಿನ ಕಂಬಳಿ ಮೆಲ್ಲನೆ ಸರಿದಿದೆ
ಏರಿಯ ಬೆನ್ನಿಗೆ ಹೊಂಬಿಸಿಲಿಳಿದಿದೆ
ದೊಡ್ಡಲೆ ಮುಂದಕೆ ತೂಗುತ ನಡೆದಿದೆ
ಪುಟ್ಟ ಅಲೆಯು ಹಿಂದೆ ಓಡಿ

ಇಂಥ ನಾಲ್ಕು ನುಡಿ, ಒಟ್ಟು ಹದಿನಾರು ಸಾಲು. ಅವಳ ಬೆರಳು ಆಗಲೇ ಕೆಲಸ ಶುರುಮಾಡಿತ್ತು. ಮಂಜಿನ, ನಾಲ್ಕು. ಕಂಬಳಿ, ನಾಲ್ಕು. ಮೆಲ್ಲನೆ, ನಾಲ್ಕು. ಸರಿದಿದೆ, ನಾಲ್ಕು. ಎರಡನೆಯ ಸಾಲೂ ಹಾಗೇ, ಮೂರನೆಯದೂ ಹಾಗೇ. ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ, ಒಟ್ಟು ಹದಿನಾರು. ಹಳೆಯ ಲೆಕ್ಕದಲ್ಲಿ ಅದಕ್ಕೆ ಮಂದಾನಿಲ ರಗಳೆಯ ನಡೆ ಅನ್ನುತ್ತಾರೆ, ಹೆಸರಿಗೆ ತಕ್ಕಂತೆ ಮೆಲ್ಲಗೆ ಬೀಸುವ ನಡೆ. ಬರೆದವನಿಗೆ ಆ ಹೆಸರು ಗೊತ್ತಿದೆಯೋ ಇಲ್ಲವೋ, ಕೈಯಂತೂ ಪಳಗಿದ ಕೈ. ಒಂದು ಮಾತನ್ನೂ ಹಿಗ್ಗಿಸಿ ಗಣ ತುಂಬಿಸಿರಲಿಲ್ಲ. ಮೇಲಾಗಿ ಇವನು ನೀರನ್ನು ನೋಡಿದ್ದ, ನೀರು ನಡೆಯುವುದನ್ನು ನೋಡಿದ್ದ. ಇದೇ ಕಲ್ಲಿಗೆ ಹೋಗಬೇಕು ಅಂತ ಅವಳು ಅಲ್ಲೇ ತೀರ್ಮಾನಿಸಿದಳು. ಉಳಿದ ಆರು ಪದ್ಯಗಳನ್ನು ಓದಿದ್ದು ನ್ಯಾಯಕ್ಕೆ.

ಆದರೆ ನಾಲ್ಕನೇ ಸಾಲು ಎಡವಿತು. ಪುಟ್ಟ, ಮೂರು. ಅಲೆಯು, ಮೂರು. ಹಿಂದೆ, ಮೂರು. ಓಡಿ, ಮೂರು. ಹನ್ನೆರಡೇ. ಮುಂದೆಯೂ ಹೀಗೇ ಎರಡು ಕಡೆ ಆಗಿತ್ತು. ಮೂರನೆಯ ನುಡಿಯ ನಡುವೆ ‘ಎಳೆಯ ಗಾಳಿ ಜೊಂಡಿನೊಳಗೆ’ ಅಂತ ಬಂದು ಅದೂ ಹನ್ನೆರಡಕ್ಕೆ ನಿಂತಿತ್ತು. ಕೊನೆಯ ನುಡಿಯಲ್ಲಿ ದೊಡ್ಡ ಅಲೆ ದಡ ಮುಟ್ಟಿ ಹಿಂದಿರುಗಿ ನೋಡುತ್ತದೆ, ಆಗ ಪುಟ್ಟ ಅಲೆ ‘ನಿಲ್ಲು ನಿಲ್ಲು ನಾನು ಬಂದೆ’ ಅನ್ನುತ್ತದೆ. ಪದ್ಯ ಮುಗಿಯುವುದೇ ಅಲ್ಲಿ. ಅದೂ ಹನ್ನೆರಡು. ಹದಿನಾರರಲ್ಲಿ ಹದಿಮೂರು ಸಾಲು ಚಿನ್ನ, ಮೂರು ಸಾಲು ಲಯಭಂಗ. ಛೇ, ಹೇಳಿಕೊಡುವವರಿಲ್ಲದೆ ಬೆಳೆದ ಪ್ರತಿಭೆ, ಅಂತ ಅವಳಿಗೆ ಮರುಕ ಬಂತು. ಕೆಂಪು ಪೆನ್ನು ತೆಗೆದಳು.

‘ಪುಟ್ಟಲೆ ಹಿಂದೆಯೆ ಸುಮ್ಮನೆ ನಡೆದಿದೆ.’ ಹದಿನಾರು, ಪ್ರಾಸವೂ ಕೂತಿತು. ಗಾಳಿಯ ಸಾಲು ‘ತಣ್ಣನೆ ಗಾಳಿಯು ಜೊಂಡಲಿ ಸುಳಿದಿದೆ’ ಆಯಿತು. ಕೊನೆಯ ಸಾಲಿಗೆ ಸ್ವಲ್ಪ ತಡಕಾಡಿ ‘ನಿಲ್ಲದೆ ಮುಂದಕೆ ನೀರದು ಹರಿದಿದೆ’ ಅಂತ ಬರೆದಳು. ಮೂರೂ ಹಳೆಯ ಸಾಲುಗಳ ಮೇಲೆ ಗೆರೆ ಎಳೆದು, ಅಕ್ಷರ ಅಕ್ಷರಕ್ಕೂ ಗುರುತು ಹಾಕಿ, ಅಂಚಿನಲ್ಲಿ ‘ದೋಷ’, ‘ದೋಷ’, ‘ಗಂಭೀರ ದೋಷ’ ಅಂತ ದಪ್ಪಗೆ ಬರೆದು, ಕೆಳಗೆ ಸಹಿ ಹಾಕಿ ಕಳಿಸಿದಳು. ಅಂದು ಮಧ್ಯಾಹ್ನದ ನಿದ್ದೆ ಬಹಳ ಸೊಗಸಾಗಿ ಬಂತು.

ನಾಲ್ಕು ದಿನಕ್ಕೆ ಷಡಕ್ಷರಿಯವರು ಮತ್ತೆ ಫೋನು ಮಾಡಿದರು, ದನಿಯಲ್ಲಿ ಪೇಚಾಟವಿತ್ತು. ಹದಿನೇಳನೇ ನಂಬರಿನವರು ತಿದ್ದಿದ್ದನ್ನು ಒಪ್ಪುತ್ತಿಲ್ಲವಂತೆ. ಸುಮನಾ ಓದಿ ಹೇಳಿದಳಂತೆ, ಕೇಳಿದ ತಕ್ಷಣ, ಇದು ಕುಂಟ್ತಾ ಐತೆ, ಅಂದರಂತೆ. ಹೀಗೇ ಕೆತ್ತುವುದಾದರೆ ನನ್ನ ಹೆಸರು ತೆಗೆದುಬಿಡಿ, ಪದವನ್ನೂ ವಾಪಸ್ ಕೊಡಿ, ಅಂತ ಹಟ ಹಿಡಿದಿದ್ದಾರಂತೆ.

“ಮರಿ ಎಲ್ಲಿ ಅಂತ ಕೇಳ್ತಾರೆ ಮೇಡಂ. ನಮ್ಮ ಮರಿ ಕಳೆದವ್ರೆ ಅಂತಾರೆ,” ಅಂದರು ಷಡಕ್ಷರಿ. “ಪದ್ಯದಲ್ಲಿ ಮರಿಯೇ ಇಲ್ವಲ್ಲ. ಪಾಪ, ವಯಸ್ಸಾಗಿದೆ. ಕುದುರೆ ಫಾರಂನಲ್ಲಿದ್ದ ಕಾಳಯ್ಯ ಅಂತ.”

ಪ್ರಮೀಳಾಗೆ ಕೂತಲ್ಲಿಯೇ ಕಿವಿ ಬಿಸಿಯಾಯಿತು. ಅಪ್ಪ ದಿನಾ ಲೈಬ್ರರಿಗೆ ಹೋಗಿ ಪೇಪರ್ ಓದುತ್ತಾನೆ ಅನ್ನುವುದು ಗೊತ್ತಿತ್ತು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಅನ್ನುವುದೂ ಗೊತ್ತಿತ್ತು. ಪದ ಕಟ್ಟುತ್ತಾನೆ ಅನ್ನುವುದು ಗೊತ್ತಿರಲಿಲ್ಲ. ಸೋಮವಾರ ಬಳಗದ ಮೀಟಿಂಗಿದೆ, ಏನಾದರೊಂದು ಇತ್ಯರ್ಥ ಮಾಡಬೇಕು, ನೀವೂ ಬನ್ನಿ, ಅಂತ ಷಡಕ್ಷರಿಯವರು ಹೇಳುತ್ತಲೇ ಇದ್ದರು. ಬರ್ತೀನಿ ಸಾರ್ ಅಂದಳು. ಫೋನಿಟ್ಟ ಮೇಲೆ ಅವಳಿಗೆ ಮೊದಲು ಬಂದದ್ದು ಹೆಮ್ಮೆ. ಅದರ ಬೆನ್ನಿಗೇ ಭಯ ಬಂತು. ಮಗಳು ತೀರ್ಪುಗಾರ್ತಿ, ಗೆದ್ದವನು ಅಪ್ಪ. ಊರು ಏನನ್ನುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಪ್ಪತ್ತೆರಡು ವರ್ಷ ಗಳಿಸಿದ ಹೆಸರು ಒಂದು ಸೋಮವಾರಕ್ಕೆ ಮಣ್ಣುಪಾಲಾಗಬಹುದಿತ್ತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಕುಣಿಗಲ್‌ಗೆ ಹೋದಳು. ಅವಳ ಅಣ್ಣನ ಜೊತೆಗಿರುವ ಅಪ್ಪ ಆಗ ಮನೆಯಲ್ಲಿರಲಿಲ್ಲ, ಏರಿಯ ಮೇಲೆ ಅವನ ಮಾಮೂಲಿ ಕಲ್ಲುಬೆಂಚಿನಲ್ಲಿ ಸಿಕ್ಕಿದ. ಮಂಡಿ ನೋವು ಶುರುವಾದಮೇಲೆ ಕೈಗೊಂದು ಕೋಲು ಬಂದಿತ್ತು, ಹೆಗಲ ಟವೆಲ್ ಮಾತ್ರ ಹಳೇ ಠೀವಿಯಲ್ಲೇ ಕೂತಿತ್ತು. ಮಗಳನ್ನು ಕಂಡು ಮುಖ ಅರಳಿಸಿದ. ಅವಳು ಕೂರುವ ಮೊದಲೇ ದೂರು ಶುರುಮಾಡಿದ. ಯಾರೋ ಗುಬ್ಬಿ ಕಾಲೇಜಿನ ಮೇಡಂ ಅವನ ಪದಕ್ಕೆ ಕಡಿವಾಣ ಹಾಕಿದ್ದಾಳಂತೆ, ನಿನಗೆ ಗೊತ್ತಿರಬೇಕು, ಯಾರವಳು, ಅಂತ ಕೇಳಿದ. ಪ್ರಮೀಳಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ತಿದ್ದಿದ ಮೇಡಂ ನಾನೇ ಕಣಪ್ಪ.”

ಕಾಳಯ್ಯ ನೀರಿನ ಕಡೆ ತಿರುಗಿದ.

“ಆರಿಸಿದ್ದು?” ಅಂದ.

“ಅದೂ ನಾನೇ.”

“ನಂದು ಅಂತ ಗೊತ್ತಿತ್ತಾ?”

“ಇಲ್ಲ. ನಂಬರ್ ಅಷ್ಟೇ ಇತ್ತು.”

“ಇಪ್ಪತ್ತಮೂರರಲ್ಲಿ?”

“ಇಪ್ಪತ್ತಮೂರರಲ್ಲಿ.”

ಅವನು ಟವೆಲ್ ತೆಗೆದು ಒಂದು ಸಲ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ನಗು ತಡೆಯಲು ಮಾಡಿದ ಉಪಾಯ ಅದು, ಆದರೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಗುರುತಿನವನೊಬ್ಬ ಎದುರಿಗೆ ಬಂದ. ಕಾಳಯ್ಯ ಅವನನ್ನು ನಿಲ್ಲಿಸಿ, ಇವಳು ನನ್ನ ಮಗಳು, ಗುಬ್ಬಿ ಕಾಲೇಜಲ್ಲಿ ಮೇಡಂ, ಅಂತ ಪರಿಚಯ ಮಾಡಿಸಿ ಕಳಿಸಿದ. ಐದು ನಿಮಿಷದ ಹಿಂದೆ ಅದೇ ಮೇಡಂಗೆ ಶಾಪ ಹಾಕುತ್ತಿದ್ದ ಅನ್ನುವುದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

ಪ್ರಮೀಳಾ ಆಗಲೂ ಸೋಲೊಪ್ಪಿರಲಿಲ್ಲ. ಅಪ್ಪನಾದರೇನು, ಹನ್ನೆರಡು ಹದಿನಾರಾಗುತ್ತದೆಯೇ? ಬೆರಳು ಮಡಚಿ ಮಡಚಿ ತೋರಿಸಿದಳು. ಹದಿಮೂರು ಸಾಲು ಹೇಗೆ ತೂಕಕ್ಕೆ ಸರಿಯಾಗಿವೆ, ಮೂರು ಸಾಲು ಎಲ್ಲಿ ಕಡಿಮೆ ಬೀಳುತ್ತವೆ, ತಾನು ಅದನ್ನು ಹೇಗೆ ತುಂಬಿಸಿದೆ, ಎಲ್ಲವನ್ನೂ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದಳು. ಕಾಳಯ್ಯ ಅಡ್ಡ ಬಾಯಿ ಹಾಕದೆ ಕೇಳಿದ. ಕೇಳುವುದು ಅವನ ಕಸುಬಾಗಿತ್ತು. ಫಾರಂನಲ್ಲಿ ಸಾಲುಗಟ್ಟಿ ಬರುವ ಕುದುರೆಗಳಲ್ಲಿ ಯಾವುದರ ಗೊರಸಿಗೆ ಕಲ್ಲು ಸಿಕ್ಕಿದೆ ಅನ್ನುವುದನ್ನು ಅವನು ಬೆನ್ನು ತಿರುಗಿಸಿ ನಿಂತು ಸದ್ದಿನಲ್ಲೇ ಹೇಳಿಬಿಡುತ್ತಿದ್ದ. ಡಾಕ್ಟರು ಬಂದು ಕಾಲೆತ್ತಿ ನೋಡಿದರೆ ಕಲ್ಲು ಅಲ್ಲೇ ಇರುತ್ತಿತ್ತು.

“ಸುಮ್ಮನೆ ನಡೆದಿದೆ ಅಂತ ಬರ್ದಿದೀಯ,” ಅಂದ ಕೊನೆಗೆ. “ಮರಿ ಯಾವತ್ತು ಸುಮ್ಮನೆ ನಡೀತದೆ?”

ಪದ್ಯದಲ್ಲಿ ಇರುವುದು ಅಲೆ, ಮರಿ ಎಲ್ಲಿದೆ ಅಂತ ಅವಳು ಕೇಳಿದಳು. ಅವನು ಕೋಲನ್ನು ಪಕ್ಕಕ್ಕಿಟ್ಟು ಕಲ್ಲುಬೆಂಚಿನ ಮೇಲೆ ಅಂಗೈಯಿಂದ ಬಡಿದ. ಒಂದೇ ತೂಕದ ನಾಲ್ಕು ಬಡಿತ, ಮತ್ತೆ ನಾಲ್ಕು, ಮತ್ತೆ ನಾಲ್ಕು. ತಾಯಿಕುದುರೆ ನಡೆಯುವುದು ಹೀಗೆ, ನಾಲ್ಕು ಕಾಲನ್ನೂ ಒಂದಾದಮೇಲೊಂದು ಊರಿ, ಅವಸರವಿಲ್ಲದೆ. ಆಮೇಲೆ ಎಡಗೈ ಸೇರಿಸಿದ. ಮರಿಯ ಕಾಲು ಗಿಡ್ಡ, ತಾಯಿಯ ಹಾಗೆ ನಡೆದರೆ ಹಿಂದೆ ಉಳಿಯುತ್ತದೆ. ಅದಕ್ಕೇ ಅದು ನಡೆಯುವುದಿಲ್ಲ, ಹಾರಿಕೊಂಡು ಬರುತ್ತದೆ, ಹಾಗೆ ಬರುವಾಗ ನೆಲದ ಮೇಲೆ ಮೂರೇ ಸದ್ದು. ತಕಿಟ, ತಕಿಟ, ತಕಿಟ. ಏರಿಯ ಮೇಲೆ ನಿಂತು ನೋಡಿದರೆ ಕೆರೆಯ ಅಲೆಗಳೂ ಹಾಗೇ ಬರುತ್ತವೆ, ದೊಡ್ಡದು ನಡೆದು, ಚಿಕ್ಕದು ಹಾರಿ. ಬೇಕಾದರೆ ನೋಡು ಅಂದ.

ಪ್ರಮೀಳಾ ನೋಡಿದಳು. ಬಿಸಿಲು ಆಗಷ್ಟೇ ನೀರಿಗೆ ಇಳಿಯುತ್ತಿತ್ತು. ದೊಡ್ಡ ಅಲೆಯೊಂದು ತೂಗುತ್ತ ಬಂತು, ಅದರ ಹಿಂದೆ ಸಣ್ಣದೊಂದು ತಡವರಿಸಿ, ಅವಸರಪಟ್ಟು, ಕಲ್ಲಿಗೆ ಬಡಿಯುವ ಹೊತ್ತಿಗೆ ಸರಿಯಾಗಿ ಅದನ್ನು ಹಿಡಿಯಿತು. ಅವಳ ಬೆರಳು ತಾನಾಗಿಯೇ ಮಡಚಿಕೊಂಡಿತು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಮೂರು, ಮೂರು, ಮೂ…. ಅಲ್ಲಿಗೆ ಅವಳು ಕೈ ಮುಚ್ಚಿಕೊಂಡಳು. ಎಷ್ಟು ಸಾವಿರ ಸಾಲು ಬಿಡಿಸಿದ ಕೈ ಅದು. ದೊಡ್ಡದು ನಡೆಯುವ ಕಡೆಯೆಲ್ಲ ನಾಲ್ಕು, ಎಳೆಯದು ಓಡುವ ಕಡೆಯೆಲ್ಲ ಮೂರು. ಎಳೆಯ ಗಾಳಿ ಜೊಂಡಿನೊಳಗೆ ಓಡಿದ್ದೂ ಮೂರರಲ್ಲೇ. ಇದು ತಿಳಿಯದೆ ಮಾಡಿದ್ದಲ್ಲ, ತಿಳಿದವನು ಕಿವಿಯಿಟ್ಟು ಕಟ್ಟಿದ್ದು. ದೋಷ ಅಂತ ದಪ್ಪಗೆ ಬರೆದ ತನ್ನ ಅಕ್ಷರ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಯಾವಾಗ ಕಟ್ಟಿದೆ ಅಂತ ಕೇಳಿದಳು. ನಲವತ್ತು ವರ್ಷದ ಮೇಲಾಯಿತು, ಬಾಯಲ್ಲೇ ಇತ್ತು, ಈಗ ಸುಮನವ್ವ ಬರೆದುಕೊಂಡಳು ಅಂದ. ಅವರ ಮನೆ ಆಗ ಕೆರೆಯ ಆಚೆಯ ಹಳ್ಳಿಯಲ್ಲಿತ್ತು. ಬೆಳಗಿನ ಡ್ಯೂಟಿಗೆ ಹೋಗುವಾಗ ಅವನು ಮಗಳನ್ನೂ ಏರಿಯ ಮೇಲೆ ಕರೆದುಕೊಂಡು ಬಂದು ಶಾಲೆಗೆ ಬಿಡುತ್ತಿದ್ದ.

“ನಂಗೆ ಟೈಮಾಗೋದು, ದೊಡ್ಡ ಹೆಜ್ಜೆ ಆಕ್ತಿದ್ದೆ,” ಅಂದ. “ನೀನು ಒಂದನೇ ಕ್ಲಾಸು. ಸ್ಲೇಟು ಚೀಲ ತೂಗಾಡಿಸ್ಕಂಡು ಹಿಂದೆ ಓಡ್ಬತ್ತಿದ್ದೆ. ನಿಲ್ಲು ನಿಲ್ಲು ನಾನು ಬಂದೆ ಅಂತ ನೀನೇ ಕಣವ್ವ ಕೂಗ್ತಿದ್ದುದು. ಆ ಒಂದು ಸಾಲು ನಾನು ಕಟ್ಟಿದ್ದಲ್ಲ. ನಿಂದೇ.”

ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ನಿಲ್ಲದೆ ಮುಂದಕೆ ನೀರದು ಹರಿದಿದೆ ಅಂತ ಬರೆದವಳು ಅವಳೇ. ತನ್ನನ್ನು ತಾನೇ ಪದ್ಯದಿಂದ ಆಚೆ ಕಳಿಸಿ ಅದಕ್ಕೆ ಗಂಭೀರ ದೋಷ ಅಂತ ಹೆಸರಿಟ್ಟಿದ್ದಳು. ಕಾಳಯ್ಯ ಅವಳ ಮುಖ ನೋಡಿ ಮಾತು ಬದಲಿಸಿದ, ಅದಿರಲಿ, ಕೆರೆ ನೀರು ಎಲ್ಲಿಗವ್ವ ಹರಿದು ಹೋಗ್ತದೆ, ನಿಂತಿರೋದಕ್ಕೇ ತಾನೇ ಕೆರೆ ಅನ್ನೋದು, ಅಂದ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಇಬ್ಬರೂ ಗೂಡಂಗಡಿಗೆ ಹೋಗಿ ಟೀ ಕುಡಿದರು.

ಸೋಮವಾರ ಲೈಬ್ರರಿಯ ಒಳಕೋಣೆಯಲ್ಲಿ ಮೀಟಿಂಗು. ಹನ್ನೆರಡು ಜನ ಸೇರಿದ್ದರು. ಕಾಳಯ್ಯ ಹೊರಗಿನ ಟೇಬಲ್ಲಿನಲ್ಲಿ ಪೇಪರ್ ಹಿಡಿದು ಕೂತಿದ್ದ. ಪ್ರಮೀಳಾ ಒಳಗೆ ಹೋಗುವಾಗ ನೋಡಿದಳು, ಅವನು ಒಂದು ಪುಟವನ್ನೂ ತಿರುವಿರಲಿಲ್ಲ.

ಅವಳು ಎದ್ದು ನಿಂತು ಸುತ್ತುಬಳಸದೆ ಹೇಳಿದಳು.

“ಹದಿನೇಳನೇ ನಂಬರಿನ ಕಾಳಯ್ಯ ನಮ್ಮಪ್ಪ. ಫಾರಂನಲ್ಲಿ ಸೈಸ್ ಆಗಿದ್ರು, ಮೂವತ್ತನಾಲ್ಕು ವರ್ಷ ಕುದುರೆ ನಡೆಸಿದಾರೆ. ನಾನು ಆರಿಸಿದಾಗ ಅದು ನನಗೆ ಗೊತ್ತಿರಲಿಲ್ಲ. ತಿದ್ದಿದ್ದು ನನ್ನ ತಪ್ಪು. ಬೇರೆ ಪದ್ಯ ಆರಿಸ್ತೀವಿ ಅಂದ್ರೆ ಆರಿಸ್ಕೊಳ್ಳಿ, ನನ್ನ ತಕರಾರಿಲ್ಲ. ಇದನ್ನೇ ಕೆತ್ತಿಸೋದಾದ್ರೆ ಅವರು ಹೇಳಿದ ಹಾಗೇ ಕೆತ್ತಿಸಿ.”

ಸೈಸ್ ಅನ್ನುವ ಮಾತು ಅಷ್ಟು ಸರಾಗವಾಗಿ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ. ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ನುಂಗಿಕೊಂಡದ್ದು ಇಲ್ಲಿ ಎದೆಯುಬ್ಬಿಸಿಕೊಂಡು ಹೊರಬಂದಿತ್ತು.

ಕೋಣೆಯಲ್ಲಿ ಗುಸುಗುಸು ಎದ್ದಿತು. ನಿವೃತ್ತ ಹೆಡ್‌ಮಾಸ್ಟರ್ ಮಹಾದೇವಯ್ಯನವರು ಗಂಟಲು ಸರಿಮಾಡಿಕೊಂಡರು. ಒಂಬತ್ತನೇ ನಂಬರಿನ ಪದ್ಯ, ಆ ಕನ್ನಡಿಯದು, ಅವರದು ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಹೋದವಾರ ತಪ್ಪಾಗಿದ್ದ ಸಾಲು ಅಪ್ಪನದು ಅಂತ ಗೊತ್ತಾದ ಕೂಡಲೇ ಸರಿ ಹೇಗಾಯಿತು? ಗೊತ್ತಿಲ್ಲದೆ ಆರಿಸಿದೆ ಅನ್ನುವುದನ್ನು ನಂಬುವುದಾದರೂ ಹೇಗೆ? ಪ್ರಮೀಳಾ ಮೈಯೆಲ್ಲ ಕಿವಿಯಾಗಿ ನಿಂತಳು. ಇದೇ ಪ್ರಶ್ನೆಗೆ ಅವಳು ನಾಲ್ಕು ರಾತ್ರಿ ಹೆದರಿದ್ದಳು.

ಉತ್ತರ ಷಡಕ್ಷರಿಯವರ ಫೈಲಿನಲ್ಲಿತ್ತು. ಅವರು ಅವಳು ಕಳಿಸಿದ ಹಾಳೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕೆಂಪು ಇಂಕು, ಅಡ್ಡಗೆರೆಗಳು, ಎರಡು ಕಡೆ ದೋಷ, ಒಂದು ಕಡೆ ಗಂಭೀರ ದೋಷ, ಕೆಳಗೆ ತಾರೀಖು ಹಾಕಿದ ಸಹಿ.

“ಅಪ್ಪನದು ಅಂತ ಗೊತ್ತಿದ್ರೆ ಯಾವ ಮಗಳು ಹಿಂಗೆ ಗೀಚ್ತಾಳೆ ಮೇಷ್ಟ್ರೇ?” ಅಂದರು.

ಹಾಳೆ ಕೈಯಿಂದ ಕೈಗೆ ಹೋಯಿತು. ಮಹಾದೇವಯ್ಯನವರು ಕನ್ನಡಕ ಏರಿಸಿ ಪೂರ್ತಿ ಓದಿದರು, ಮತ್ತೆ ಅದನ್ನು ಮೇಜಿನ ಮೇಲಿಟ್ಟರು. ಎರಡನೇ ಪ್ರಶ್ನೆ ಬಿಟ್ಟೆ, ಅಂದರು. ಆದರೆ ಮೊದಲನೆಯದು ಹಾಗೇ ಇದೆ, ಹನ್ನೆರಡು ಮಾತ್ರೆಯ ಸಾಲು ಸರಿ ಹೇಗೆ? ಪ್ರಮೀಳಾ ಮೇಜಿನ ಮೇಲೆ ಅಪ್ಪ ಬಡಿದ ಹಾಗೇ ಬಡಿದು ತೋರಿಸಿದಳು, ತಾಯಿಯ ನಾಲ್ಕು, ಮರಿಯ ಮೂರು. ಕೆಲವರು ತಲೆಯಾಡಿಸಿದರು, ಕೆಲವರು ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಮೂಲೆಯಲ್ಲಿ ಕೂತಿದ್ದ ಷಡಕ್ಷರಿಯವರ ಹೆಂಡತಿ ಬಸವಲಿಂಗಮ್ಮ ಬಾಯಿಬಿಟ್ಟರು. ಅವರದು ಗಿಡ್ಡ ಮೈಕಟ್ಟು, ಬಳಗದ ಲೆಕ್ಕದ ಪುಸ್ತಕ ಅವರ ಬಳಿ ಇತ್ತು, ಮೀಟಿಂಗಿನಲ್ಲಿ ಮಾತಾಡಿದ್ದು ಅದೇ ಮೊದಲು.

“ನಂಗೆ ಅರ್ಥ ಆಯ್ತು ಬುಡಿ,” ಅಂದರು. “ನಮ್ಮ ಯಜಮಾನ್ರು ಏರಿ ಮೇಲೆ ಬಿರಬಿರ ಅಂತ ಮುಂದೆ ಹೋಗ್ತಾರೆ. ಅವರ ಹಿಂದೆ ನಾನು ಹೆಂಗೆ ಬರ್ತೀನಿ ಅಂತ ಇವತ್ತಿನವರೆಗೂ ಯಾರೂ ಬರೆದಿರಲಿಲ್ಲ. ಈ ಕಾಳಯ್ಯನವರು ಬರ್ದವ್ರೆ.”

ಕೋಣೆಯೆಲ್ಲ ನಕ್ಕಿತು, ಷಡಕ್ಷರಿಯವರೂ ಹಣೆ ಸವರಿಕೊಂಡು ನಕ್ಕರು. ದಿನಾ ಒಬ್ಬರ ಹಿಂದೊಬ್ಬರು ನಡೆಯುವ ಜನ, ಇನ್ನು ಅವರಿಗೆ ಬಿಡಿಸಿ ಹೇಳಬೇಕಾದ್ದು ಉಳಿದಿರಲಿಲ್ಲ. ಮಹಾದೇವಯ್ಯನವರು ಮಾತ್ರ ಮೇಷ್ಟ್ರಾಗಿದ್ದವರು, ಹೆಸರಿಲ್ಲದೆ ಬಿಡುವವರಲ್ಲ. ಹಾಗಾದರೆ ಈ ಪದ್ಯ ಯಾವ ಛಂದಸ್ಸಿನದು ಅಂತ ದಾಖಲೆಗೆ ಬರೆಯಬೇಕು, ಹೇಳಿ, ಅಂದರು.

“ತಾಯಿ ನಡೆದಾಗ ಮಂದಾನಿಲ,” ಅಂದಳು ಪ್ರಮೀಳಾ. “ಮರಿ ಓಡಿದಾಗ ಉತ್ಸಾಹ.”

ಎರಡೂ ರಗಳೆಯ ಹೆಸರುಗಳೇ. ನಾಲ್ಕರ ನಡೆಗೆ ಒಂದು, ಮೂರರ ನಡೆಗೆ ಇನ್ನೊಂದು. ಮೂವತ್ತು ವರ್ಷ ಅವನ್ನು ಪಾಠ ಹೇಳಿದ್ದ ಮಹಾದೇವಯ್ಯನವರು ಬೆರಳು ಮಡಚಿ ಲೆಕ್ಕ ನೋಡಿದರು. ಮುಖದ ಬಿಗಿ ಸಡಿಲಾಯಿತು. ಬರೆದುಕೊಳ್ಳಮ್ಮ ಅಂತ ಅವರೇ ಸುಮನಾಗೆ ಹೇಳಿದರು. ಹೊರಗಿನ ಟೇಬಲ್ಲಿನಲ್ಲಿ ಪೇಪರ್ ಮಡಚಿದ ಸದ್ದಾಯಿತು.

ರಾಜ್ಯೋತ್ಸವದ ಬೆಳಿಗ್ಗೆ ಕಲ್ಲಿನ ಪರದೆ ಸರಿಯಿತು. ಹನುಮಂತರಾಜು ಹದಿನಾರು ಸಾಲನ್ನೂ ಅಚ್ಚುಕಟ್ಟಾಗಿ ಕೆತ್ತಿದ್ದ, ಕೆಳಗೆ ‘ಕಾಳಯ್ಯ, ಕುದುರೆ ಸೈಸ್’ ಅಂತ ಇತ್ತು. ಹಾಗೇ ಹಾಕಿಸಿ ಅಂತ ಪಟ್ಟು ಹಿಡಿದವಳು ಪ್ರಮೀಳಾ. ಓದಿದವಳೂ ಅವಳೇ. ದೊಡ್ಡಲೆಯನ್ನು ನಡೆಸಿದಳು, ಪುಟ್ಟ ಅಲೆಯನ್ನು ಓಡಿಸಿದಳು, ಕೊನೆಯ ಸಾಲಿನವರೆಗೂ ಒಂದು ಮಾತ್ರೆಯೂ ತಪ್ಪಲಿಲ್ಲ. ಕಾಳಯ್ಯ ಶಾಲು ಹೊದೆಸಿಕೊಂಡು ನೆಟ್ಟಗೆ ಕೂತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಷಡಕ್ಷರಿಯವರ ಹತ್ತಿರ ಆ ಕೆಂಪು ಇಂಕಿನ ಹಾಳೆಯನ್ನು ಕೇಳಿ ಇಸಿದುಕೊಂಡ. ಹರಿದುಹಾಕಲಿಕ್ಕೇನೋ ಅಂದುಕೊಂಡಳು ಅವಳು. ಅವನು ಅದನ್ನು ಮಡಚಿ ಜೇಬಿಗಿಟ್ಟು, ಬಂದವರಿಗೆಲ್ಲ ತೆಗೆದು ತೆಗೆದು ತೋರಿಸತೊಡಗಿದ. ನನ್ನ ಮಗಳು ಯಾರ ಪದ್ಯದಲ್ಲೂ ಇಷ್ಟು ಕಡಿಮೆ ತಪ್ಪು ಹಿಡಿದವಳಲ್ಲ, ಹದಿನಾರರಲ್ಲಿ ಹದಿಮೂರು ಸರಿ ಅಂದವಳೆ, ಯಾರದು ಅಂತ ಗೊತ್ತಿಲ್ಲದೆ ಅಂದವಳೆ, ಅನ್ನುತ್ತಿದ್ದ. ಕಲ್ಲಿಗಿಂತ ಆ ಹಾಳೆಯೇ ಅವನಿಗೆ ಹೆಚ್ಚಾದಂತಿತ್ತು.

ಜನ ಕರಗಿದ ಮೇಲೆ ಅಪ್ಪ ಮಗಳು ಏರಿಯ ಮೇಲೆ ಮನೆಯ ಕಡೆ ಹೊರಟರು. ಪ್ರಮೀಳಾ ದಿನಾ ಬಸ್ಸು ಹಿಡಿಯುವವಳು, ಅವಳ ನಡಿಗೆ ಚುರುಕು. ಏನೋ ಯೋಚನೆಯಲ್ಲಿ ಬಹಳ ಮುಂದೆ ಹೋಗಿಬಿಟ್ಟಿದ್ದಳು. ಎಡಗಡೆ ಕೆರೆ ಹೊಳೆಯುತ್ತಿತ್ತು. ಬೆನ್ನ ಹಿಂದಿನಿಂದ ಸದ್ದು ಕೇಳುತ್ತಿತ್ತು, ಒಂದು ಕಾಲು, ಇನ್ನೊಂದು ಕಾಲು, ಕೋಲು. ಒಂದು ಕಾಲು, ಇನ್ನೊಂದು ಕಾಲು, ಕೋಲು. ಅವಸರದ ಸದ್ದು. ಸೆರಗಿನ ಮರೆಯಲ್ಲಿ ಅವಳ ಬೆರಳು ಮಡಚಿಕೊಂಡಿತು, ಮೂರು, ಮತ್ತೆ ಮೂರು.

ಅವನು ನಿಲ್ಲು ಅನ್ನುವ ಮೊದಲೇ ಅವಳು ನಿಂತಳು.

“ಬಂದೆ ಕಣವ್ವ,” ಅಂದ ಕಾಳಯ್ಯ ಹಿಂದಿನಿಂದ.